'ಹಿ' ಅಂದರೆ ಇಬ್ಬರೂ ಬಂದಂತೆಯೇ?

ಪತ್ರ: ಇಂಗ್ಲಿಷ್ ಪಠ್ಯಪುಸ್ತಕದಲ್ಲೂ ಗಂಡೆಷ್ಟು, ಹೆಣ್ಣೆಷ್ಟು ಅಂತ ಎಣಿಸುವ ಚಾಳಿ ಶುರುವಾಗಿದೆ. ಮಕ್ಕಳಿಗೆ ಬೇಕಿರುವುದು ವ್ಯಾಕರಣ. 'ಹಿ' (ಅವನು) ಅಂದರೆ ಇಬ್ಬರೂ ಬಂದಂತೆ ಅಲ್ಲವೇ?
– ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ನಮ್ಮ ಮೇಜಿಗೆ ಇಂಥ ಪತ್ರ ಬರುವುದೇ ಅಪರೂಪ. ಬರೀ ತಲೆ ಎಣಿಸಿದರೆ ಪಾಠ ಸುಧಾರಿಸುವುದಿಲ್ಲ, ಅದೂ ನಿಜ. ಇಷ್ಟು ಒಪ್ಪಿಕೊಂಡು ಜಗಳಕ್ಕೆ ಬರುತ್ತೇನೆ.

'ಹಿ' ಒಳಗೆ ಹೆಣ್ಣೂ ಇದ್ದಾಳೆ ಅನ್ನೋ ನಿಯಮ ಸುಮ್ನೆ ಆಕಾಶದಿಂದ ಬೀಳಲಿಲ್ಲ. 1746ರಲ್ಲಿ ಜಾನ್ ಕರ್ಕ್‌ಬಿ ತಮ್ಮ ವ್ಯಾಕರಣ ಪುಸ್ತಕದಲ್ಲಿ ಅದನ್ನು ಬರೆದಿಟ್ಟರು. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನಿನ ಭಾಷೆಗೂ ಅದನ್ನೇ ಹಚ್ಚಿತು. ಸರಿ, ಹಾಗಾದರೆ ಓಟಿನ ಕಾನೂನಿನಲ್ಲಿರುವ 'ಮ್ಯಾನ್' ಅಂದರೆ ನಾವೂ ಸೇರಿದೆವಲ್ಲ, ಓಟು ಕೊಡಿ ಅಂತ ಹೆಂಗಸರು ಕೇಳಿದರು. 1868ರಲ್ಲಿ ಅಲ್ಲಿನ ಕೋರ್ಟು ಏನಂತು ಗೊತ್ತಾ? ಇಲ್ಲಿ ಮಾತ್ರ ಮ್ಯಾನ್ ಅಂದರೆ ಗಂಡಸೇ!

ನಾನು ಕಲಿತ ಪುಸ್ತಕದ ಪಾಠ ಈಗಲೂ ಬಾಯಿಗೆ ಬರುತ್ತದೆ. ಫಾದರ್ ಈಸ್ ರೀಡಿಂಗ್. ಮದರ್ ಈಸ್ ಕುಕಿಂಗ್. ಹತ್ತು ಸಲ ಬರೆಯಬೇಕಿತ್ತು. ಹತ್ತು ಸಲವೂ ಅಪ್ಪ ಪೇಪರ್ ಕೆಳಗಿಡಲಿಲ್ಲ, ಅಮ್ಮ ಒಲೆ ಬಿಟ್ಟೇಳಲಿಲ್ಲ. ಮನೆಮಾತಿನ ವಾಕ್ಯವನ್ನು ಓದಿ ಮರೆತುಬಿಡುತ್ತೇವೆ. ಕಲಿಯುವ ಭಾಷೆಯದ್ದನ್ನು ಉರು ಹೊಡೆಯುತ್ತೇವೆ. ಅದಕ್ಕೇ ಅದು ಜಾಸ್ತಿ ನಾಟುತ್ತದೆ.

ಎಣಿಕೆ ಬೇಡ ಅಂತೀರಿ. ಕ್ಯಾರೆನ್ ಪೊರೆಕಾ ಅನ್ನುವವರು 1984ರಲ್ಲಿ ಇಂಗ್ಲಿಷ್ ಕಲಿಸುವ 15 ಪುಸ್ತಕ ಜಾಲಾಡಿದರು. ಹೆಚ್ಚುಕಡಿಮೆ ಇಬ್ಬರು ಗಂಡಸರು ಕಂಡರೆ ಹೆಂಗಸು ಒಬ್ಬಳು, ಚಿತ್ರದಲ್ಲೂ ಅಷ್ಟೇ. ಎಣಿಸದಿದ್ದರೆ ಇದು ಗೊತ್ತಾಗುತ್ತಿತ್ತಾ? ಪಠ್ಯಪುಸ್ತಕದಿಂದ ಗಂಡು ಹೀಗೆ, ಹೆಣ್ಣು ಹೀಗೆ ಅನ್ನುವ ಅಚ್ಚುಗಳನ್ನು ತೆಗೆಯಿರಿ ಅಂತ 1979ರ ವಿಶ್ವಸಂಸ್ಥೆಯ ಮಹಿಳಾ ಒಪ್ಪಂದವೇ ಹೇಳಿದೆ. ನಮ್ಮ ಪ್ರಕಾಶಕರು ಏನು ಮಾಡುತ್ತಾರೆ? ಮುಖಪುಟಕ್ಕೆ ಹೆಲ್ಮೆಟ್ ಹಾಕಿದ ಒಬ್ಬ ಹುಡುಗಿಯನ್ನು ತಂದು 'ಪರಿಷ್ಕೃತ ಆವೃತ್ತಿ' ಅಂತ ಅಚ್ಚು ಹಾಕುತ್ತಾರೆ. ಒಳಗೆ ಅದೇ ಒಲೆ, ಅದೇ ಪೇಪರ್. ಬೆಲೆ ಮಾತ್ರ ಹೊಸದು.

ಇಂಗ್ಲಿಷಿನ 'ಕೇಮ್'ಗೆ ಗಂಡು ಹೆಣ್ಣು ಅನ್ನೋದಿಲ್ಲ. ಡಾಕ್ಟರ್ ಕೇಮ್, ನರ್ಸ್ ಕೇಮ್, ಅಷ್ಟೇ. ಹೋದ ತಿಂಗಳು ಇಂಥದ್ದೊಂದು ಲೇಖನವನ್ನು ನಾನೇ ಕನ್ನಡಕ್ಕೆ ತಂದೆ. ಡಾಕ್ಟರ್ ಬಂದರು, ನರ್ಸ್ ಬಂದಳು ಅಂತ ಬರೆದಿದ್ದೆ. ಪ್ರೂಫ್ ನೋಡುವ ಹುಡುಗಿ 'ಬಂದಳು' ಕೆಳಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದಳು.

ಕಳಿಸಿದ್ದರು.