ಹಿಸ್ಟಾರಿಕ್, ಹಿಸ್ಟಾರಿಕಲ್: ಎರಡರ ಅರ್ಥವೂ ಒಂದೇನಾ?

ಅಲ್ಲ. ಕನ್ನಡದಲ್ಲಿ ಎರಡಕ್ಕೂ ‘ಐತಿಹಾಸಿಕ’ ಅಂತಲೇ ಹೇಳುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ.

ಇತಿಹಾಸದಲ್ಲಿ ಉಳಿಯುವಷ್ಟು ದೊಡ್ಡ ಸಂಗತಿಯಾದರೆ ಹಿಸ್ಟಾರಿಕ್. 1969ರಲ್ಲಿ ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟದ್ದು ಹಾಗೆ. ಹಿಸ್ಟಾರಿಕಲ್‌ಗೆ ಅಷ್ಟು ದೊಡ್ಡಸ್ತಿಕೆ ಬೇಕಿಲ್ಲ. ಹಿಂದಿನ ಕಾಲಕ್ಕೋ ಇತಿಹಾಸದ ಅಧ್ಯಯನಕ್ಕೋ ಸಂಬಂಧಪಟ್ಟಿದ್ದರೆ ಸಾಕು. ನೂರು ವರ್ಷ ಹಳೆಯ ದಿನಸಿ ಲೆಕ್ಕದ ಚೀಟಿಯೂ ಹಿಸ್ಟಾರಿಕಲ್ ದಾಖಲೆಯೇ. ಒಂದು ದೇಶದ ಸ್ವಾತಂತ್ರ್ಯ ಘೋಷಣೆಯ ಪತ್ರವಾದರೆ ಎರಡೂ ಹೌದು.

ಹಳೆಯ ಕಾಲದ ಕಥೆ ಹೇಳುವ ಕಾದಂಬರಿಗೆ ಹಿಸ್ಟಾರಿಕಲ್ ನಾವೆಲ್ ಎಂದೇ ಬರೆಯಬೇಕು. ಹಿಸ್ಟಾರಿಕ್ ಅಂದರೆ ಆ ಕಾದಂಬರಿಯೇ ಇತಿಹಾಸ ಸೃಷ್ಟಿಸಿದಂತಾಯಿತು, ಅಲ್ವಾ? (ಕ್ರೀಡಾ ವರದಿಗಳಲ್ಲಿ ಕಂಡಕಂಡ ಗೆಲುವಿಗೆಲ್ಲ ಸುಮ್ನೆ ಹಿಸ್ಟಾರಿಕ್ ಅಂಟಿಸುವುದು ಜಾಸ್ತಿ. ಅದು ಬೇರೆ ಮಾತು.)

ಎಕನಾಮಿಕ್, ಎಕನಾಮಿಕಲ್ ಕೂಡ ಇಂಥದ್ದೇ ಜೋಡಿ: ಮೊದಲನೆಯದು ಆರ್ಥಿಕತೆಗೆ ಸೇರಿದ್ದು, ಎರಡನೆಯದು ಖರ್ಚು ಉಳಿಸುವಂಥದ್ದು.