ಅಂಟಿಕೊಂಡ ಅವಳಿ: ಹೃದಯ ಒಂದಾ, ಎರಡಾ?

ಪ್ರಶ್ನೆ: ತಂಗಿಗೆ ಈಗ ಐದು ತಿಂಗಳು. ಅವಳಿ ಮಕ್ಕಳ ಎದೆ, ಹೊಟ್ಟೆ ಅಂಟಿಕೊಂಡಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ಗ್ರಹಣದ ದಿನ ಓಡಾಡಿದ್ದಕ್ಕೇ ಹೀಗಾಯ್ತು ಅಂತ ಗಂಡನ ಮನೆಯವರು ಅವಳನ್ನೇ ದೂರುತ್ತಿದ್ದಾರೆ. ಹುಟ್ಟಿದ ತಕ್ಷಣ ಆಪರೇಷನ್ ಮಾಡಿಸಬಹುದಾ? 2007ರಲ್ಲಿ ಬೆಂಗಳೂರಿನಲ್ಲೇ ಒಂದು ಮಗುವಿಗೆ ಮಾಡಿದ್ದರಲ್ವಾ?
– ಓದುಗರು, ರಾಜಾಜಿನಗರ

ಉತ್ತರ: ಗ್ರಹಣದ ಮಾತು ಬಿಟ್ಟುಬಿಡಿ. ಒಂದೇ ಭ್ರೂಣ ಎರಡಾಗುವುದು ತಡವಾಗಿ, ಗರ್ಭ ಕಟ್ಟಿದ ಎರಡು ವಾರದ ಹೊತ್ತಿಗೆ ಶುರುವಾಗಿ, ಪೂರ್ತಿಯಾಗದೆ ನಿಂತರೆ ಹೀಗಾಗುತ್ತದೆ ಅನ್ನುವುದು ಹೆಚ್ಚಿನ ವೈದ್ಯರ ವಿವರಣೆ. ಆಗ ಬಸುರಿ ಅನ್ನುವುದೇ ನಿಮ್ಮ ತಂಗಿಗೆ ಗೊತ್ತಿರಲಿಕ್ಕಿಲ್ಲ, ಪಾಪ.

2007ರದ್ದು ಬೇರೆಯೇ ಕಥೆ. ಹೊಸೂರು ರಸ್ತೆಯ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ತಂಡ ಸುಮಾರು 27 ಗಂಟೆ ಆಪರೇಷನ್ ಮಾಡಿದ್ದು ಬಿಹಾರದ ಎರಡು ವರ್ಷದ ಹುಡುಗಿಗೆ. ಅವಳಿಗೆ ಅಂಟಿಕೊಂಡಿದ್ದ ದೇಹಕ್ಕೆ ತಲೆಯೇ ಇರಲಿಲ್ಲ. ಉಳಿಸಬೇಕಿದ್ದದ್ದು ಒಂದೇ ಜೀವ. ನಿಮ್ಮಲ್ಲಿ ಎರಡು.

ಹಾಗಾಗಿ ಮೊದಲು ಕೇಳಬೇಕಾದ್ದು ಆಪರೇಷನ್ ಯಾವಾಗ ಅಂತಲ್ಲ, ಹೃದಯ ಒಂದಾ ಎರಡಾ ಅಂತ. ಎದೆ ಅಂಟಿಕೊಂಡವರಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆ. ಲಿವರ್ ಕೂಡಿಕೊಂಡಿದ್ದರೆ ಕತ್ತರಿಸಿ ಹಂಚಬಹುದು, ಅದು ಮತ್ತೆ ಬೆಳೆಯುತ್ತದೆ. ಹೃದಯದ ಸ್ನಾಯುವೇ ಕೂಡಿಕೊಂಡಿದ್ದರೆ ಎಷ್ಟೇ ದೊಡ್ಡ ಸರ್ಜನ್ ಇದ್ದರೂ ಇಬ್ಬರನ್ನೂ ಉಳಿಸುವುದು ಹೆಚ್ಚುಕಡಿಮೆ ಆಗದ ಮಾತು.

ಹುಟ್ಟಿದ ಕೂಡಲೇ ಆಪರೇಷನ್ ಮಾಡುವುದು ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದರಲ್ಲಿ ಉಳಿಯುವವರೂ ಕಡಿಮೆ. ಸಾಮಾನ್ಯವಾಗಿ ಕೆಲವು ತಿಂಗಳು ಕಾಯುತ್ತಾರೆ. ಬೇರ್ಪಡಿಸಿದ ಮೇಲೆ ಅಷ್ಟಗಲ ಗಾಯ ಮುಚ್ಚಲು ಚರ್ಮ ಸಾಲದೆ ಹೋಗಬಹುದು, ಅದಕ್ಕೆ ಮೊದಲೇ ಚರ್ಮದ ಕೆಳಗೆ ಸಣ್ಣ ಸಿಲಿಕಾನ್ ಚೀಲ ಇಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬಿ ಚರ್ಮ ಹಿಗ್ಗಿಸುವುದೂ ಉಂಟು. ಆಪರೇಷನ್ ದಿನ ಮಗುವಿಗೊಂದರಂತೆ ಎರಡು ಅನಸ್ತೇಶಿಯಾ ತಂಡ, ಒಂದರ ಟ್ಯೂಬು, ವೈರುಗಳಿಗೆಲ್ಲ ಒಂದು ಬಣ್ಣದ ಟೇಪು, ಇನ್ನೊಂದಕ್ಕೆ ಬೇರೆ ಬಣ್ಣ. ಸುಮ್ನೆ ಅಲ್ಲ, ಒಬ್ಬರಿಗೆ ಕೊಟ್ಟ ಔಷಧಿ ರಕ್ತದ ಜೊತೆ ಇನ್ನೊಬ್ಬರಿಗೂ ಹೋಗಬಹುದು.

ಈಗ ಮಾಡಬೇಕಾದ್ದು ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಕ್ಕಳ ಹೃದಯದ ಸ್ಕ್ಯಾನಿಂಗ್, ಅದೂ ಮಕ್ಕಳ ಹೃದಯ ತಜ್ಞರ ಹತ್ತಿರ, ಈ ವಾರವೇ. ಬಸಿರು ಮುಂದುವರಿಸಬೇಕೋ ಬೇಡವೋ ಅನ್ನುವುದು ನಿಮ್ಮ ತಂಗಿಯ ತೀರ್ಮಾನ, ಗಂಡನ ಮನೆಯವರದ್ದಲ್ಲ. ಬೇಡ ಅಂದರೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಆಮೇಲೆ ಮೆಡಿಕಲ್ ಬೋರ್ಡ್ (ಸರ್ಕಾರ ನೇಮಿಸಿದ ತಜ್ಞ ವೈದ್ಯರ ಮಂಡಳಿ) ಒಪ್ಪಬೇಕು. ಮುಂದುವರಿಸಿದರೆ ಹೆರಿಗೆ ಸಿಸೇರಿಯನ್ನೇ. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಮಕ್ಕಳ ಸರ್ಜನ್, ಹೃದಯ ತಜ್ಞರು ಎಲ್ಲರೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲಿ ಈಗಲೇ ಹೆಸರು ಬರೆಸಿ.