ಸೈಕೋಡೈನಮಿಕ್ ಥೆರಪಿಯಲ್ಲಿ ಹಳೇ ಕಥೆ ಮಾತಾಡಿದರೆ ಬದುಕು ಹೇಗೆ ಬದಲಾಗುತ್ತದೆ?

ಸೈಕೋಡೈನಮಿಕ್ ಥೆರಪಿ ಅಂದರೆ ನಮಗೇ ಗೊತ್ತಿಲ್ಲದೆ ಒಳಗೆ ಕೆಲಸ ಮಾಡುವ ಹಳೇ ಅನುಭವ, ಭಾವನೆಗಳನ್ನು ಮಾತಿನ ಮೂಲಕ ಅರ್ಥ ಮಾಡಿಕೊಳ್ಳುವ ಮಾನಸಿಕ ಚಿಕಿತ್ಸೆ. ಅದರಲ್ಲಿ ಸುಮ್ನೆ ಹಳೇ ಕಥೆ ಹೇಳಿಕೊಂಡರೆ ಬದುಕು ಬದಲಾಗುವುದಿಲ್ಲ. ಆ ಕಥೆ ಇವತ್ತಿಗೂ ನಮ್ಮನ್ನು ಹೇಗೆ ಆಡಿಸುತ್ತಿದೆ ಅಂತ ಗೊತ್ತಾದಾಗ ಬದಲಾವಣೆ ಶುರುವಾಗುತ್ತದೆ. ಚಿಕ್ಕಂದಿನಲ್ಲಿ ಸಿಟ್ಟು ತೋರಿಸಿದರೆ ಅಪ್ಪ ಮಾತು ಬಿಡುತ್ತಿದ್ದರು ಅಂದುಕೊಳ್ಳಿ. ಮಗು ಸಿಟ್ಟು ನುಂಗುವುದನ್ನು ಕಲಿಯುತ್ತದೆ. ದೊಡ್ಡವರಾದ ಮೇಲೂ ಬಾಸ್ ಮುಂದೆ, ಸಂಗಾತಿ ಮುಂದೆ ಅದೇ 'ಪರವಾಗಿಲ್ಲ'. ಒಳಗೆ ಮಾತ್ರ ಕುದಿ.

ಇದು ಥೆರಪಿಸ್ಟ್ ಎದುರೂ ನಡೆಯುತ್ತದೆ. ಅವರು ತಡವಾಗಿ ಬಂದರೂ ನೀವು 'ಪರವಾಗಿಲ್ಲ' ಅನ್ನುತ್ತೀರಿ. ಅವರು ಅಲ್ಲೇ ನಿಲ್ಲಿಸಿ, 'ನಿಜವಾಗಲೂ ಬೇಜಾರಾಗಲಿಲ್ವಾ?' ಅಂತ ಕೇಳುತ್ತಾರೆ. ಹಳೇ ಸಂಬಂಧದ ಭಾವನೆಗಳು ಹೀಗೆ ಥೆರಪಿಸ್ಟ್ ಕಡೆಗೆ ತಿರುಗುವುದನ್ನು ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಟ್ರಾನ್ಸ್‌ಫರೆನ್ಸ್ ಎಂದು ಕರೆದರು. ನನ್ನ ಪ್ರಕಾರ ಈ ಥೆರಪಿಯ ಜೀವಾಳವೇ ಇದು. ಸಿಟ್ಟು ಹೇಳಿದರೂ ಸಂಬಂಧ ಮುರಿಯಲಿಲ್ಲ ಅನ್ನೋದು ಸ್ವಂತ ಅನುಭವಕ್ಕೆ ಬಂದರೆ, ಹೊರಗೂ ಬಾಯಿಬಿಟ್ಟು ಹೇಳುವ ಧೈರ್ಯ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೆ 1-2 ಭೇಟಿ. ತಿಂಗಳುಗಟ್ಟಲೆ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ.